ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಜನಾಂಗಕ್ಕೊಂದು ಮನೆ: ಅಮೆರಿಕದ ಉದಾಹರಣೆ ನಮ್ಮ ಮನವಿಗೆ ಹೊಂದುತ್ತದೆಯೇ?

ವರ್ಕಾಡಿಯ ವಿದ್ಯಾರ್ಥಿ (ಪ್ರಶ್ನೆ)

ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ನಾನು ಮಂಜೇಶ್ವರ ತಾಲೂಕಿನವನು. ಹೈಯರ್ ಸೆಕೆಂಡರಿಯವರೆಗೂ ಕನ್ನಡ ಮಾಧ್ಯಮದಲ್ಲೇ ಓದಿ, ಈಗ ಕೇರಳದ ದಕ್ಷಿಣ ಭಾಗದ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ. ಮಾಡುತ್ತಿದ್ದೇನೆ. ನಮ್ಮ ಕಡೆಯಿಂದ ಬಂದವರು ಇಲ್ಲಿನ ಹಾಸ್ಟೆಲುಗಳಲ್ಲಿ ಒಬ್ಬೊಬ್ಬರಾಗಿ ಚದುರಿದ್ದೇವೆ. ಮಲಯಾಳದಲ್ಲಿ ಮಾತನಾಡಿದರೆ ಒಂದಿಷ್ಟು ಅರ್ಥವಾಗುತ್ತದೆ. ಆದರೆ ವಾರ್ಡನ್ ಹಚ್ಚುವ ನೋಟೀಸು, ಮೆಸ್ ಲೆಕ್ಕ, ಹಾಸ್ಟೆಲ್ ಸಮಿತಿಯ ನಡಾವಳಿ ಎಲ್ಲವೂ ಮಲಯಾಳ ಲಿಪಿಯಲ್ಲೇ ಇರುವುದರಿಂದ ಹೊಸದಾಗಿ ಬಂದವರು ಪ್ರತಿಯೊಂದಕ್ಕೂ ಇನ್ನೊಬ್ಬರ ಮುಖ ನೋಡಬೇಕಾಗುತ್ತದೆ. ಈ ವರ್ಷ ಸೇರಿದ ಒಬ್ಬ ತಂಗಿ ಓದು ನಿಲ್ಲಿಸಿ ಊರಿಗೆ ಮರಳುವ ಮಾತನಾಡುತ್ತಿದ್ದಾಳೆ. ಆದ್ದರಿಂದ ಹಾಸ್ಟೆಲಿನ ಒಂದು ಭಾಗವನ್ನು ಕನ್ನಡ ವಿದ್ಯಾರ್ಥಿಗಳಿಗೆಂದು ಬಿಟ್ಟುಕೊಡಬೇಕೆಂದು ನಾವು ಕೆಲವರು ಮನವಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ.

ಕರಡು ಓದುವಾಗ ನಮ್ಮಲ್ಲೇ ಎರಡು ಅಭಿಪ್ರಾಯ ಬಂತು. ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಕಪ್ಪು ವಿದ್ಯಾರ್ಥಿಗಳಿಗೆ, ಅಲ್ಲಿನ ಮೂಲನಿವಾಸಿಗಳಿಗೆ ಪ್ರತ್ಯೇಕ ವಸತಿ ಇರುವಾಗ ನಾವು ಕೇಳುವುದರಲ್ಲಿ ತಪ್ಪೇನು ಎಂದು ಒಬ್ಬರು ಹೇಳಿದರು. ಅದು ಹಳೆಯ ಜನಾಂಗ ಭೇದವೇ ಬೇರೆ ಹೆಸರಿನಲ್ಲಿ ಮರಳಿ ಬಂದದ್ದು, ಅದನ್ನು ಉದಾಹರಿಸಿದರೆ ನಮಗೇ ಕೆಟ್ಟ ಹೆಸರು ಎಂದು ಇನ್ನೊಬ್ಬರು ಹೇಳಿದರು. ಆ ಮನೆಗಳನ್ನು ಕೇಳಿದವರು ಯಾರು, ಕೊಟ್ಟವರು ಯಾರು, ಬೇರೆಯವರಿಗೆ ಅಲ್ಲಿ ಪ್ರವೇಶವಿದೆಯೇ, ಕಾನೂನು ಏನು ಹೇಳುತ್ತದೆ, ಅದರಿಂದ ಓದುವವರಿಗೆ ಆದ ಒಳಿತೇನು ಎಂಬುದನ್ನು ತಿಳಿಯದೆ ಸಹಿ ಹಾಕಲು ನನಗೆ ಮನಸ್ಸಿಲ್ಲ. ಬಲ್ಲವರು ತಿಳಿಸಬೇಕು.

ಕುಂಬಳೆಯವನು, ಈಗ ಪರದೇಶದಲ್ಲಿ

ಅಮೆರಿಕದಲ್ಲಿ ಸಂಶೋಧನೆಗೆಂದು ಇದ್ದ ಕಾಲದಲ್ಲಿ ಈ ವಾದವನ್ನು ನಾನು ಹತ್ತಿರದಿಂದ ಕೇಳಿದ್ದೇನೆ. ನಿಮ್ಮ ಇಬ್ಬರು ಸ್ನೇಹಿತರ ಮಾತಿಗೂ ಆಧಾರವಿದೆ. ಇಬ್ಬರೂ ಬೇರೆ ಬೇರೆ ಚರಿತ್ರೆಯ ಬಗ್ಗೆ ಮಾತನಾಡುತ್ತಿದ್ದಾರೆ.

ಒಂದು, ಹೊರಗಿಟ್ಟ ಚರಿತ್ರೆ. ಮೊದಲ ವರ್ಷದ ವಿದ್ಯಾರ್ಥಿಗಳೆಲ್ಲ ಕಾಲೇಜಿನ ವಸತಿಗೃಹದಲ್ಲೇ ಇರಬೇಕೆಂಬ ನಿಯಮವಿದ್ದ ಹಾರ್ವರ್ಡ್‌ನಲ್ಲಿ, ಅಧ್ಯಕ್ಷರಾಗಿದ್ದ ಲಾರೆನ್ಸ್ ಲೋವೆಲ್ ಅವರು ಕಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲಿ ಸ್ಥಳವಿಲ್ಲವೆಂದರು. ಅದು ದೊಡ್ಡ ವಿವಾದವಾಗಿ, 1923ರಲ್ಲಿ ವಿಶ್ವವಿದ್ಯಾಲಯದ ಮೇಲ್ವಿಚಾರಣಾ ಮಂಡಳಿಯು ಬಣ್ಣದ ಕಾರಣಕ್ಕೆ ಯಾರನ್ನೂ ಹೊರಗಿಡಕೂಡದೆಂದೂ, ಅದೇ ಹೊತ್ತಿಗೆ ಬಿಳಿಯರನ್ನು ಮತ್ತು ಕಪ್ಪು ಜನರನ್ನು ಒಟ್ಟಿಗೆ ಇರಲು, ಉಣ್ಣಲು ಬಲವಂತಪಡಿಸಕೂಡದೆಂದೂ ತೀರ್ಮಾನಿಸಿತು. ಆ ಎರಡನೆಯ ಷರತ್ತು ಎಷ್ಟು ಅಳುಕಿನಿಂದ ಬಂದದ್ದೆಂಬುದು ಓದಿದರೇ ತಿಳಿಯುತ್ತದೆ. ಓಕ್ಲಹಾಮಾ ವಿಶ್ವವಿದ್ಯಾಲಯವಂತೂ ಜಾರ್ಜ್ ಮ್ಯಾಕ್‌ಲಾರಿನ್ ಎಂಬ ಕಪ್ಪು ಸಂಶೋಧನಾ ವಿದ್ಯಾರ್ಥಿಯನ್ನು ಸೇರಿಸಿಕೊಂಡ ಮೇಲೂ ತರಗತಿಯ ಪಕ್ಕದ ಕೋಣೆಯಲ್ಲಿ ಕೂರಿಸಿತು. ಗ್ರಂಥಾಲಯದಲ್ಲಿ ಅವರಿಗೆ ಬೇರೆ ಮೇಜು, ಊಟದ ಮನೆಯಲ್ಲಿ ಬೇರೆ ಮೇಜು. ಒಳಗೆ ಬಿಟ್ಟುಕೊಂಡು ದೂರವಿಡುವ ಈ ಏರ್ಪಾಡನ್ನು 1950ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಓದುವುದು, ಚರ್ಚಿಸುವುದು, ಜೊತೆಗಾರರೊಡನೆ ವಿಚಾರ ವಿನಿಮಯ ಮಾಡುವುದು ಕೂಡ ಶಿಕ್ಷಣದ ಭಾಗವೆಂಬುದು ಆ ತೀರ್ಪಿನ ತಿರುಳು.

ಇನ್ನೊಂದು, 1960ರ ದಶಕದ ಕೊನೆಗೆ ಆರಂಭವಾದ ಚರಿತ್ರೆ. ಕಪ್ಪು ವಿದ್ಯಾರ್ಥಿಗಳು ಹಿಂದಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬಂದರು, ಆದರೂ ಸಾವಿರಾರು ಬಿಳಿಯರ ನಡುವೆ ಬೆರಳೆಣಿಕೆಯಷ್ಟೇ ಇದ್ದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿನಿಯರು ತಾವೇ ನಡೆಸಿಕೊಂಡಿದ್ದ ವಾರಿ ಹೌಸ್ ಎಂಬ ಮನೆಯ ಮುಂದೆ 1969ರ ಏಪ್ರಿಲಿನಲ್ಲಿ ಯಾರೋ ಶಿಲುಬೆಯನ್ನು ಸುಟ್ಟರು. ಕಪ್ಪು ಜನರನ್ನು ಕೊಲ್ಲುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಗುಂಪು ಬೆದರಿಕೆ ಹಾಕುತ್ತಿದ್ದ ರೀತಿ ಅದು. ಮರುದಿನ ಕಪ್ಪು ವಿದ್ಯಾರ್ಥಿಗಳು ವಿಲ್ಲರ್ಡ್ ಸ್ಟ್ರೈಟ್ ಹಾಲ್ ಎಂಬ ವಿದ್ಯಾರ್ಥಿ ಭವನವನ್ನು ವಶಪಡಿಸಿಕೊಂಡರು. ಅಲ್ಲಿ ಉಜಾಮಾ ಎಂಬ ವಸತಿಗೃಹ ತೆರೆದದ್ದು ಅದರ ಮೂರು ವರ್ಷಗಳ ಬಳಿಕ, 1972ರಲ್ಲಿ. ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಪ್ಪು ಚಿಂತಕ ಡು ಬಾಯ್ಸ್ ಹೆಸರಿನ ಮನೆ, 1975ರಲ್ಲಿ ಎಂ.ಐ.ಟಿ.ಯಲ್ಲಿ ಚಾಕೊಲೇಟ್ ಸಿಟಿ ಎಂಬುದು ಆರಂಭವಾದವು. ಸ್ಟ್ಯಾನ್‌ಫರ್ಡ್‌ನಲ್ಲಿ ಕಪ್ಪು ಜನರ, ಏಷ್ಯಾ ಮೂಲದವರ, ಮೆಕ್ಸಿಕೋ ಮೂಲದವರ ಮತ್ತು ಮೂಲನಿವಾಸಿಗಳ ಸಂಸ್ಕೃತಿಗೆ ಮೀಸಲಾದ ನಾಲ್ಕು ಮನೆಗಳಿವೆ. ಕಾರ್ನೆಲ್ 1991ರಲ್ಲಿ ಮೂಲನಿವಾಸಿಗಳ ಪರಂಪರೆಗೆಂದೇ ಅಗ್ವೇಗೊ ಎಂಬ ಹೊಸ ಕಟ್ಟಡ ಕಟ್ಟಿಸಿತು. ಇವೆಲ್ಲವೂ ಬಹುಮಟ್ಟಿಗೆ ವಿದ್ಯಾರ್ಥಿಗಳು ಕೇಳಿ ಪಡೆದವು.

ಒಳಗೆ ಯಾರಿರುತ್ತಾರೆ ಎಂಬುದೇ ನಿಮ್ಮ ಪ್ರಶ್ನೆಗೆ ಮುಖ್ಯ. ಈ ಮನೆಗಳು ಒಂದು ಜನಾಂಗದ ಹೆಸರು ಹೊತ್ತಿದ್ದರೂ ಅಲ್ಲಿ ಬೇರೆಯವರೂ ಗಣನೀಯ ಸಂಖ್ಯೆಯಲ್ಲಿ ವಾಸಿಸುತ್ತಾರೆ. 1988ರಲ್ಲಿ ಸ್ಟ್ಯಾನ್‌ಫರ್ಡ್‌ನ ಕಪ್ಪು ಜನರ ಮನೆಯಲ್ಲಿ (ಅದರ ಹೆಸರೂ ಉಜಾಮಾ) ಬೀಥೋವನ್‌ಗೆ ಆಫ್ರಿಕಾದ ಪೂರ್ವಜರಿದ್ದರೇ ಎಂಬ ವಾಗ್ವಾದವಾಗಿ, ಅಲ್ಲೇ ವಾಸವಾಗಿದ್ದ ಇಬ್ಬರು ಬಿಳಿಯ ವಿದ್ಯಾರ್ಥಿಗಳು ಆ ಸಂಗೀತಗಾರನ ಚಿತ್ರವನ್ನು ಕಪ್ಪು ಜನರನ್ನು ಅವಮಾನಿಸುವಂತೆ ವಿಕಾರಗೊಳಿಸಿ ಅಂಟಿಸಿದರು. ಮನೆಯವರೆಲ್ಲ ಸೇರಿ ದೀರ್ಘ ಸಭೆ ನಡೆಸಿದರು, ಅಳು ಜಗಳ ಎಲ್ಲವೂ ಆಯಿತು. ಈ ಘಟನೆ ಎಷ್ಟು ನೋವಿನದಾದರೂ ಒಂದು ವಿಷಯವನ್ನು ಖಚಿತಪಡಿಸುತ್ತದೆ: ಕಪ್ಪು ಜನರ ಹೆಸರಿನ ಮನೆಯಲ್ಲಿ ಬಿಳಿಯರೂ ಇದ್ದರು, ಬಾಗಿಲು ಮುಚ್ಚಿರಲಿಲ್ಲ. ನಿಮ್ಮ ಮನವಿಯಲ್ಲಿ ‘ಕನ್ನಡ ವಿದ್ಯಾರ್ಥಿಗಳಿಗೆ ಮಾತ್ರ’ ಎಂದಿದ್ದರೆ, ಅಮೆರಿಕದ ಈ ಮನೆಗಳನ್ನು ದಯವಿಟ್ಟು ಸಾಕ್ಷಿಯಾಗಿ ಕರೆಯಬೇಡಿ.

ತಾಳವಾಡಿಯ ಓದುಗ

ನಮ್ಮ ಈರೋಡು ಜಿಲ್ಲೆಯವರೇ ಆದ, ಮನೆಮಾತು ಕನ್ನಡವಾಗಿದ್ದ ಪೆರಿಯಾರ್ ಅವರು ಕಾಂಗ್ರೆಸ್ಸಿನಿಂದ ದೂರವಾಗಲು ಒಂದು ಕಾರಣ ವಿದ್ಯಾರ್ಥಿ ನಿಲಯವೇ ಎಂಬುದನ್ನು ಇಲ್ಲಿ ನೆನಪಿಸಬೇಕು. 1920ರ ದಶಕದಲ್ಲಿ ಚೇರನ್‌ಮಹಾದೇವಿಯ ಗುರುಕುಲದಲ್ಲಿ ಬ್ರಾಹ್ಮಣ ಹುಡುಗರಿಗೆ ಪ್ರತ್ಯೇಕವಾಗಿ ಊಟ ಬಡಿಸುತ್ತಿದ್ದರು. ಸಾರ್ವಜನಿಕ ಹಣ ಪಡೆದ ರಾಷ್ಟ್ರೀಯ ಶಾಲೆಯಲ್ಲಿ ಇದು ಸಲ್ಲದೆಂದು ಅವರೂ ವರದರಾಜುಲು ನಾಯ್ಡು ಅವರೂ ಹೋರಾಡಿದರು. ತಮಿಳುನಾಡು ಸರಕಾರ 2025ರ ಜುಲೈಯಲ್ಲಿ ಆದಿದ್ರಾವಿಡ, ಹಿಂದುಳಿದ ವರ್ಗ ಮುಂತಾದ ಹೆಸರುಗಳಿದ್ದ ತನ್ನ ಎಲ್ಲ ವಿದ್ಯಾರ್ಥಿ ನಿಲಯಗಳಿಗೆ ‘ಸಾಮಾಜಿಕ ನ್ಯಾಯ ನಿಲಯ’ ಎಂಬ ಒಂದೇ ಹೆಸರಿಟ್ಟಿತು. ಸೌಲಭ್ಯ ಹಾಗೆಯೇ ಉಳಿಯಿತು, ಹಲಗೆಯ ಮೇಲಿದ್ದ ಜಾತಿ ಹೋಯಿತು. ನನಗೆ ಇದು ಸರಿಯಾದ ದಾರಿಯೆಂದು ತೋರುತ್ತದೆ.

ಹೊಸಂಗಡಿಯ ವಕೀಲ

ಕಾನೂನಿನ ಮಟ್ಟಿಗೆ ಹೇಳುತ್ತೇನೆ. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಆರನೆಯ ಭಾಗವು ಕೇಂದ್ರ ಸರಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಜನಾಂಗ, ಬಣ್ಣ ಅಥವಾ ರಾಷ್ಟ್ರೀಯ ಮೂಲದ ಕಾರಣಕ್ಕೆ ತಾರತಮ್ಯ ಮಾಡಬಾರದೆನ್ನುತ್ತದೆ. ಕಾರ್ನೆಲ್‌ನ ಮನೆಗಳ ವಿರುದ್ಧ 1990ರ ದಶಕದಲ್ಲಿ ದೂರು ಹೋದಾಗ, ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ ಅಲ್ಲಿ ಉಲ್ಲಂಘನೆಯಾಗಿಲ್ಲವೆಂದಿತು. ವಿದ್ಯಾರ್ಥಿ ತಾನಾಗಿ ಆಯ್ದುಕೊಳ್ಳುತ್ತಾನೆ, ಯಾವ ಜನಾಂಗದವನಾದರೂ ಅರ್ಜಿ ಹಾಕಬಹುದು ಎಂಬ ನೆಲೆಯ ಮೇಲೆಯೇ ಇಂಥ ಮನೆಗಳು ಉಳಿದುಕೊಂಡಿವೆ. ಪ್ರವೇಶಾತಿಯಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2023ರ ಜೂನ್ 29ರಂದು ಹಾರ್ವರ್ಡ್ ಪ್ರಕರಣದಲ್ಲಿ ರದ್ದುಪಡಿಸಿದ ಮೇಲೆ ಈ ನೆಲೆಯೂ ಅಲುಗಾಡತೊಡಗಿತು. 2025ರ ಫೆಬ್ರವರಿ 14ರಂದು ಶಿಕ್ಷಣ ಇಲಾಖೆ ಹೊರಡಿಸಿದ ಸುತ್ತೋಲೆಯು ವಸತಿಗೃಹಗಳಲ್ಲಿಯೂ ಪದವಿ ಪ್ರದಾನ ಸಮಾರಂಭಗಳಲ್ಲಿಯೂ ಜನಾಂಗವಾರು ಬೇರ್ಪಡಿಕೆ ನಡೆಯುತ್ತಿದೆಯೆಂದು ಕಟುವಾಗಿ ಆಕ್ಷೇಪಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಮೇರಿಲ್ಯಾಂಡಿನ ಕೇಂದ್ರ ನ್ಯಾಯಾಲಯ ಆ ಸುತ್ತೋಲೆಯನ್ನು ರದ್ದುಗೊಳಿಸಿತು. ಅಂದರೆ ಅಲ್ಲಿಯೇ ಇದು ತೀರ್ಮಾನವಾಗದ ವಿಷಯ. ನೀವು ಅದನ್ನು ತೀರ್ಮಾನವಾದ ಉದಾಹರಣೆಯಂತೆ ಬರೆಯುವುದು ಸರಿಯಲ್ಲ.

ನಮ್ಮ ಸಂವಿಧಾನಕ್ಕೆ ಬಂದರೆ, 15ನೆಯ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವೆ, ಭಾಷೆ ಇಲ್ಲ. ಆದರೆ 29ನೆಯ ವಿಧಿಯ ಎರಡನೆಯ ಖಂಡವು ಸರಕಾರಿ ಅಥವಾ ಅನುದಾನಿತ ಶಿಕ್ಷಣ ಸಂಸ್ಥೆಯಲ್ಲಿ ಭಾಷೆಯ ಕಾರಣಕ್ಕೆ ಮಾತ್ರವೇ ಯಾರಿಗೂ ಪ್ರವೇಶ ನಿರಾಕರಿಸಬಾರದೆನ್ನುತ್ತದೆ. ಅದು ಹಾಸ್ಟೆಲ್ ಕೋಣೆಯ ಬಗ್ಗೆ ನೇರವಾಗಿ ಹೇಳಿದ ಮಾತಲ್ಲವಾದರೂ, ಸರಕಾರಿ ಕಟ್ಟಡದ ಒಂದು ಭಾಗಕ್ಕೆ ಮಲಯಾಳಿ ವಿದ್ಯಾರ್ಥಿ ಬರಕೂಡದೆಂಬ ನಿಯಮವನ್ನು ಯಾವ ರಿಜಿಸ್ಟ್ರಾರರೂ ಒಪ್ಪಲಾರರು. ಇನ್ನೊಂದು ದಾರಿ 30ನೆಯ ವಿಧಿಯದ್ದು. ಭಾಷಾ ಅಲ್ಪಸಂಖ್ಯಾತರು ತಮ್ಮದೇ ಶಿಕ್ಷಣ ಸಂಸ್ಥೆಯನ್ನು ಕಟ್ಟಿ ನಡೆಸಬಹುದು. ಕಾಸರಗೋಡಿನ ಕನ್ನಡಿಗರು ಹಣ ಕೂಡಿಸಿ ಒಂದು ಟ್ರಸ್ಟ್ ಮಾಡಿ ವಿಶ್ವವಿದ್ಯಾಲಯದ ಸಮೀಪ ವಸತಿಗೃಹ ತೆರೆಯಲು ಯಾರ ಅಡ್ಡಿಯೂ ಇಲ್ಲ. ಆ ಮಾತು ಬೇರೆ, ಸಾರ್ವಜನಿಕ ಹಾಸ್ಟೆಲಿನೊಳಗೆ ಗೆರೆ ಎಳೆಯಿರೆಂದು ಕೇಳುವ ಮಾತು ಬೇರೆ.

ಬದಿಯಡ್ಕದ ಅಧ್ಯಾಪಕಿ

ನಾನು ಓದಿದ್ದು ಪರಿಶಿಷ್ಟ ಜಾತಿಯ ಮಕ್ಕಳಿಗಾಗಿ ಸರಕಾರ ನಡೆಸುವ ಹಾಸ್ಟೆಲಿನಲ್ಲಿದ್ದುಕೊಂಡು. ಮನೆಯಿಂದ ಶಾಲೆಗೆ ದಿನವೂ ನಡೆಯುವುದು ಅಸಾಧ್ಯವಾಗಿತ್ತು, ಮನೆಯಲ್ಲಿ ಓದಲು ಬೆಳಕಿರಲಿಲ್ಲ. ಆ ಹಾಸ್ಟೆಲ್ ಇಲ್ಲದಿದ್ದರೆ ನಾನು ಇಂದು ಪಾಠ ಹೇಳುವವಳಾಗುತ್ತಿರಲಿಲ್ಲ. ಆದ್ದರಿಂದ ಒಂದು ಸಮುದಾಯದ ಹೆಸರಿನಲ್ಲಿ ವಸತಿ ಇರುವುದೇ ತಪ್ಪೆಂದು ನಾನು ಎಂದಿಗೂ ಹೇಳಲಾರೆ. ಹಾಗಿದ್ದರೂ ನಿಮ್ಮ ಮನವಿಗೆ ನನ್ನ ಸಮ್ಮತಿಯಿಲ್ಲ, ಕಾರಣ ಹೇಳುತ್ತೇನೆ.

ಬೇರೆಯಾಗಿರುವುದು ತಾನಾಗಿ ಆಯ್ದುಕೊಂಡದ್ದು ಎಂದು ಹೊರಗಿನಿಂದ ಕಂಡರೂ ಒಳಗೆ ಹಾಗಿರಬೇಕೆಂದಿಲ್ಲ. ದೆಹಲಿಯ ಏಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿ ಜಾತಿ ತಾರತಮ್ಯದ ದೂರುಗಳನ್ನು ಪರಿಶೀಲಿಸಿದ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ಕೊಟ್ಟ ವರದಿಯಲ್ಲಿ, ಪರಿಶಿಷ್ಟ ಜಾತಿ ಪಂಗಡಗಳ ವಿದ್ಯಾರ್ಥಿಗಳು ಕೆಲವೇ ಹಾಸ್ಟೆಲುಗಳ ಕೆಲವೇ ಮಹಡಿಗಳಲ್ಲಿ ಗುಂಪಾಗಿದ್ದರೆಂಬುದು ದಾಖಲಾಗಿದೆ. ಹಾಗೆ ಇರಬೇಕೆಂದು ಆಡಳಿತದ ಆದೇಶವೇನೂ ಇರಲಿಲ್ಲ. ಬೇರೆ ಕಡೆ ಅವಮಾನ, ಕಿರುಕುಳ ತಾಳಲಾರದೆ ಅವರೇ ಕೋಣೆ ಬದಲಿಸಿಕೊಂಡು ಒಂದೆಡೆ ಸೇರಿದ್ದರು. ದಾಖಲೆ ಪುಸ್ತಕದಲ್ಲಿ ಅದು ‘ಸ್ವಂತ ಕೋರಿಕೆಯ ಮೇರೆಗೆ’ ಎಂದೇ ಬರೆಯಲ್ಪಟ್ಟೀತು. ದಕ್ಷಿಣ ಆಫ್ರಿಕಾದ ಫ್ರೀ ಸ್ಟೇಟ್ ವಿಶ್ವವಿದ್ಯಾಲಯದಲ್ಲಿಯೂ ವರ್ಣಭೇದ ನೀತಿ ಕೊನೆಗೊಂಡ ಮೇಲೆ ವಸತಿಗೃಹಗಳನ್ನು ಬೆರೆಸುವ ಯತ್ನ ಕುಂಠಿತವಾಗಿ ಬಿಳಿಯರೂ ಕಪ್ಪು ವಿದ್ಯಾರ್ಥಿಗಳೂ ಮತ್ತೆ ಬೇರೆ ಬೇರೆ ಮನೆಗಳಿಗೆ ಸರಿದರು. 2008ರಲ್ಲಿ ರೈಟ್ಸ್ ಎಂಬ ವಸತಿಗೃಹದ ಬಿಳಿಯ ಹುಡುಗರು ಅಲ್ಲಿನ ಕಪ್ಪು ಕೆಲಸಗಾರರನ್ನು ಹೀನವಾಗಿ ನಡೆಸಿಕೊಂಡ ವಿಡಿಯೋ ಹೊರಬಿದ್ದು, ಆ ಮನೆಯನ್ನೇ ಮುಚ್ಚಬೇಕಾಯಿತು.

ಒಟ್ಟಿಗೆ ಇರಿಸಿದರೆ ಎಲ್ಲವೂ ಸುಗಮವೆಂದೂ ನಾನು ಹೇಳುತ್ತಿಲ್ಲ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಯಾದೃಚ್ಛಿಕವಾಗಿ ಹಂಚಿದ ಕೋಣೆಗಳನ್ನು ನೋಡಿತು. ಕಪ್ಪು ಜೊತೆಗಾರ ಸಿಕ್ಕಿದ ಬಿಳಿಯ ವಿದ್ಯಾರ್ಥಿಗಳಿಗೆ ಆ ಸಹವಾಸ ಸ್ವಜನಾಂಗದವರೊಡನೆ ಇದ್ದಷ್ಟು ಹಿತವೆನಿಸಲಿಲ್ಲ. ಆದರೂ ಕೆಲವು ವಾರ ಕಳೆಯುವಷ್ಟರಲ್ಲಿ ಕಪ್ಪು ಜನರ ಬಗ್ಗೆ ಅವರ ಮನಸ್ಸಿನೊಳಗಿನ ಪೂರ್ವಗ್ರಹ ತಗ್ಗಿತ್ತು. ಕಷ್ಟವೂ ಲಾಭವೂ ಒಂದೇ ಕೋಣೆಯಲ್ಲಿದ್ದವು. ಅಲ್ಲಿ ಕಷ್ಟದ ಹೆಚ್ಚಿನ ಪಾಲು ಯಾರ ಹೆಗಲಿಗೆ ಬರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಸಣ್ಣ ಸಂಖ್ಯೆಯಲ್ಲಿರುವವರೇ ಪ್ರತಿದಿನ ವಿವರಿಸುತ್ತಾ, ಹೊಂದಿಕೊಳ್ಳುತ್ತಾ ಇರಬೇಕಾಗುತ್ತದೆ.

ಈಗ ನಿಮ್ಮ ಹಾಸ್ಟೆಲಿಗೆ ಬನ್ನಿ. ನಿಮ್ಮ ತೊಂದರೆ ನೋಟೀಸು ಓದಲಾಗದ್ದು, ಸಮಿತಿಯಲ್ಲಿ ಬಾಯಿ ತೆರೆಯಲಾಗದ್ದು. ನಿಮ್ಮನ್ನೆಲ್ಲ ಒಂದು ಭಾಗದಲ್ಲಿ ಕೂಡಿಹಾಕಿದ ಮೇಲೆ ನೋಟೀಸು ಮಲಯಾಳದಲ್ಲೇ ಉಳಿಯುತ್ತದೆ. ಅದನ್ನು ನಿಮ್ಮಲ್ಲೇ ಒಬ್ಬರು ಓದಿ ಹೇಳಲಿ ಎಂದು ಆಡಳಿತ ಕೈತೊಳೆದುಕೊಳ್ಳುತ್ತದೆ. ಇನ್ನೊಂದು ಮಾತು: ನಮ್ಮ ನಾಡು ಏಳು ಭಾಷೆಗಳ ನಾಡೆಂದು ಹೆಮ್ಮೆಪಡುತ್ತೇವೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಅಥವಾ ಮಲಯಾಳವನ್ನೇ ಆಡಿ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ. ಅವರಲ್ಲಿ ಯಾರು ಕನ್ನಡ ವಿದ್ಯಾರ್ಥಿ, ಯಾರು ಅಲ್ಲವೆಂದು ಬಾಗಿಲಲ್ಲಿ ನಿಂತು ನಿರ್ಧರಿಸುವವರು ಯಾರು? ಉಪ್ಪಳದ ಬ್ಯಾರಿ ಹುಡುಗಿಯನ್ನು ನೀವು ಸೇರಿಸಿಕೊಳ್ಳುತ್ತೀರಾ? ಇದಕ್ಕೆ ಉತ್ತರ ಮನವಿಯಲ್ಲಿಲ್ಲದಿದ್ದರೆ, ಆಮೇಲೆ ಆ ಉತ್ತರವನ್ನು ಬೇರೆ ಯಾರೋ ಕೊಡುತ್ತಾರೆ, ಅದು ನಿಮಗೆ ಇಷ್ಟವಾಗಲಾರದು.

ಜತ್ತ ತಾಲೂಕಿನವರು

ಅಕ್ಕ, ನಿಮ್ಮ ಮಾತನ್ನು ಗೌರವಿಸುತ್ತಲೇ ಸ್ವಲ್ಪ ಬೇರೆಯಾಗಿ ಹೇಳಬೇಕಾಗಿದೆ. ನಮ್ಮ ಸಾಂಗ್ಲಿ, ಕೊಲ್ಲಾಪುರ ಕಡೆಯ ಅನುಭವ ಇದಕ್ಕೆ ಸಂಬಂಧಿಸಿದ್ದು. ಶಾಹೂ ಮಹಾರಾಜರು ಕೊಲ್ಲಾಪುರದಲ್ಲಿ ಮೊದಲು ಎಲ್ಲ ಜಾತಿಯವರಿಗೂ ಸೇರಿ ಒಂದು ವಸತಿಗೃಹ ನಡೆಸಿ ನೋಡಿದರು. ನಿಯಮದಲ್ಲಿ ಎಲ್ಲರಿಗೂ ತೆರೆದಿದ್ದ ಅಲ್ಲಿ ಬ್ರಾಹ್ಮಣ ವಿದ್ಯಾರ್ಥಿಗಳೇ ತುಂಬಿಕೊಂಡರು. ಹಳ್ಳಿಯ ರೈತರ ಮಕ್ಕಳು ಬರಲೇ ಇಲ್ಲ. ಅದಾದ ಮೇಲೆಯೇ 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೆ, ಅದರ ಬೆನ್ನಿಗೆ ಜೈನರು, ಲಿಂಗಾಯತರು, ಮುಸ್ಲಿಮರು ಮೊದಲಾದ ಸಮುದಾಯಗಳಿಗೆ, 1908ರಲ್ಲಿ ಅಸ್ಪೃಶ್ಯರೆಂದು ದೂರವಿಡಲಾಗಿದ್ದವರಿಗೆ ಮಿಸ್ ಕ್ಲಾರ್ಕ್ ಹೆಸರಿನಲ್ಲಿ ವಸತಿಗೃಹಗಳು ಬಂದವು. ಗಡಿಯ ಹಳ್ಳಿಗಳಿಂದ ಹೋದ ಕನ್ನಡ ಮಾತಿನ ಲಿಂಗಾಯತ, ಜೈನ ಹುಡುಗರಿಗೂ ಅವು ಆಸರೆಯಾದವು. ‘ಎಲ್ಲರಿಗೂ ಒಂದೇ’ ಎಂಬ ನಿಯಮ ಬರೆದ ಮಾತ್ರಕ್ಕೆ ಹಿಂಜರಿದವನ ಕಾಲು ಹೊಸ್ತಿಲು ದಾಟುವುದಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ತಾಳವಾಡಿಯವರು ಹೇಳಿದ ಚೇರನ್‌ಮಹಾದೇವಿಗೂ ಇದಕ್ಕೂ ಇರುವ ಅಂತರ ಇದೇ: ಒಂದು ಕಡೆ ಮೇಲಿದ್ದವರು ತಮ್ಮ ಎಲೆಯನ್ನು ಬೇರೆ ಹಾಕಿಸಿಕೊಂಡರು, ಇನ್ನೊಂದು ಕಡೆ ಕೆಳಗಿಡಲ್ಪಟ್ಟವರಿಗೆ ನೆಲೆ ಸಿಕ್ಕಿತು.

ಆದರೆ ನನಗೆ ಒಂದು ಕೊರಗೂ ಇದೆ. ಆರಂಭದಲ್ಲಿ ದಾರಿಯಾಗಿ ಕಟ್ಟಿದ ಆ ವಸತಿಗೃಹಗಳು ಜಾತಿಯ ಹೆಸರನ್ನು ಹೊತ್ತುಕೊಂಡೇ ಉಳಿದವು. ಊರೂರಿನಲ್ಲಿ ಅದೇ ಮಾದರಿಯಲ್ಲಿ ಜಾತಿಗೊಂದು ಬೋರ್ಡಿಂಗ್ ಹುಟ್ಟಿತು. ಎಷ್ಟು ಕಾಲ, ಯಾವಾಗ ಬಾಗಿಲು ಅಗಲಿಸಬೇಕು ಎಂಬುದನ್ನು ಯಾರೂ ಬರೆದಿಟ್ಟಿರಲಿಲ್ಲ. ವರ್ಕಾಡಿಯ ತಮ್ಮ, ನೀವು ಏನನ್ನೇ ಕೇಳಿದರೂ ಅದಕ್ಕೊಂದು ಅವಧಿಯನ್ನು ನೀವೇ ಹಾಕಿಕೊಳ್ಳಿ.

ವರ್ಕಾಡಿಯ ವಿದ್ಯಾರ್ಥಿ

ಇಷ್ಟು ಶ್ರಮವಹಿಸಿ ಬರೆದ ನಿಮಗೆಲ್ಲ ಕೃತಜ್ಞತೆಗಳು. ಇಲ್ಲಿನ ಉತ್ತರಗಳನ್ನು ನಮ್ಮವರೆಲ್ಲ ಒಟ್ಟಿಗೆ ಕುಳಿತು ಓದಿದೆವು. ಉಪ್ಪಳದ ಬ್ಯಾರಿ ಹುಡುಗಿಯ ಪ್ರಶ್ನೆ ಬಂದಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ, ಏಕೆಂದರೆ ನಮ್ಮ ಗುಂಪಿನಲ್ಲೇ ಅಂಥ ಇಬ್ಬರಿದ್ದಾರೆ ಮತ್ತು ಕರಡಿನ ಮಾತುಗಳ ಪ್ರಕಾರ ಅವರು ಹೊರಗುಳಿಯುತ್ತಿದ್ದರು.

ಪ್ರತ್ಯೇಕ ಭಾಗದ ಬೇಡಿಕೆಯನ್ನು ಕೈಬಿಡಲು ಹೆಚ್ಚಿನವರು ಒಪ್ಪಿದ್ದಾರೆ. ಅದರ ಬದಲಿಗೆ, ನೋಟೀಸು ಮತ್ತು ಮೆಸ್ ಲೆಕ್ಕ ಇಂಗ್ಲಿಷಿನಲ್ಲಿಯೂ ಇರಬೇಕು. ಕನ್ನಡ ಅಥವಾ ತಮಿಳು ಮಾಧ್ಯಮದಿಂದ ಬಂದ ಹೊಸಬರು ಬಯಸಿದಲ್ಲಿ ಮೊದಲ ಎರಡು ಸೆಮಿಸ್ಟರ್ ಮಟ್ಟಿಗೆ ತಮ್ಮ ಭಾಷೆ ಬಲ್ಲ ಒಬ್ಬರೊಡನೆ ಕೋಣೆ ಹಂಚಿಕೊಳ್ಳುವ ಅವಕಾಶವಿರಬೇಕು, ಮೂರು ಜನರ ಕೋಣೆಯಲ್ಲಿ ಮೂರನೆಯವರು ಮಲಯಾಳ ಬಲ್ಲವರೇ ಆಗಿರಲಿ. ಹಾಸ್ಟೆಲ್ ಸಮಿತಿಯಲ್ಲಿ ಭಾಷಾ ಅಲ್ಪಸಂಖ್ಯಾತರಿಗೆ ಒಂದು ಸ್ಥಾನ ಬೇಕು ಎಂದು ಬರೆಯುತ್ತಿದ್ದೇವೆ. ಇಡುಕ್ಕಿಯಿಂದ ಬಂದ ತಮಿಳು ವಿದ್ಯಾರ್ಥಿಗಳೂ ಸಹಿ ಹಾಕುತ್ತೇವೆಂದಿದ್ದಾರೆ. ಓದು ಬಿಡುವ ಯೋಚನೆಯಲ್ಲಿದ್ದ ತಂಗಿಯನ್ನು ಸದ್ಯಕ್ಕೆ ನಮ್ಮ ಸೀನಿಯರ್ ಅಕ್ಕ ಒಬ್ಬರು ತಮ್ಮ ಕೋಣೆಗೆ ಕರೆಸಿಕೊಂಡಿದ್ದಾರೆ. ಅಮೆರಿಕದ ಉದಾಹರಣೆಯನ್ನು ಇನ್ನೂ ಉಳಿಸಿಕೊಳ್ಳಬೇಕೇ ಎಂಬುದಷ್ಟೇ ಉಳಿದ ಪ್ರಶ್ನೆ.

ಕುಂಬಳೆಯವನು, ಈಗ ಪರದೇಶದಲ್ಲಿ

ಬೇಡ, ತೆಗೆದುಬಿಡಿ. ಆ ಮನೆಗಳ ಹಿಂದೆ ಗುಲಾಮಗಿರಿಯ, ನೆಲ ಕಳೆದುಕೊಂಡವರ ಚರಿತ್ರೆಯಿದೆ. ನಮ್ಮ ಕಷ್ಟ ನಿಜವಾದರೂ ಅದರ ಪಕ್ಕದಲ್ಲಿಟ್ಟು ತೂಗುವಂಥದ್ದಲ್ಲ. ಕೋಣೆ ಹಂಚಿಕೆಯ ಬೇಡಿಕೆ ತನ್ನ ನ್ಯಾಯದ ಮೇಲೆಯೇ ನಿಲ್ಲುತ್ತದೆ.

ಹೊಸಂಗಡಿಯ ವಕೀಲ

ನಾನೂ ಅದನ್ನೇ ಹೇಳುವವನಿದ್ದೆ. ‘ಭಾಷೆ ಬಲ್ಲ’ ಎಂಬ ಪದವನ್ನು ಹಾಗೆಯೇ ಇಟ್ಟುಕೊಳ್ಳಿ, ‘ಮಾತೃಭಾಷೆಯ’ ಎಂದು ತಿದ್ದಲು ಬಿಡಬೇಡಿ. ಮನವಿಯ ಒಂದು ಪ್ರತಿಯನ್ನು ವಾರ್ಡನ್‌ಗೂ ಇನ್ನೊಂದನ್ನು ರಿಜಿಸ್ಟ್ರಾರ್‌ಗೂ ಕೊಟ್ಟು, ಎರಡಕ್ಕೂ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮುಂದಿನ ವರ್ಷದ ಕೋಣೆ ಹಂಚಿಕೆ ಆರಂಭವಾಗುವ ಮೊದಲೇ ಅದು ಕಚೇರಿಯಲ್ಲಿರಬೇಕು.